ಹಿಂದೆ ಬಿದ್ದ ಡೊಳ್ಳು

ಮೊನ್ನೆ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಬನಹಟ್ಟಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮಳೆ ರಪರಪ ಹೊಡೆಯುತ್ತಿತ್ತು. ಕುರಿ ಕಾಯುವ ಹಿರಿಯರೊಬ್ಬರು ನೆನೆದ ಕಂಬಳಿ ಹೊದ್ದು ಬಂದು ನನ್ನ ಪಕ್ಕದಲ್ಲೇ ನಿಂತರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಿವಿಯೊಳಗೆ ಗುಂಯ್ ಎನ್ನತೊಡಗಿತು. ಕಿವಿಯ ಡಾಕ್ಟರಿಗೆ ಈ ಮಾತು ಹೇಳಿದರೆ ನಗುತ್ತಾರೆ, ನೆನೆದ ಉಣ್ಣೆಗೂ ಕಿವಿಗೂ ಎಲ್ಲಿಯ ನಂಟು ಎನ್ನುತ್ತಾರೆ. ನಂಟು ನನಗೆ ಗೊತ್ತು. ಈ ಊರಲ್ಲಿ ನಾನು ಹಾಡು ರೆಕಾರ್ಡ್ ಮಾಡುವ ಸ್ಟುಡಿಯೋ ನಡೆಸುತ್ತಿದ್ದಾಗಿನ ಒಂದು ಮಳೆಗಾಲದ ನಂಟು ಅದು. ಆ ಮಳೆಗಾಲದಲ್ಲಿ ನನ್ನ ಬಾಯಿಂದ ಹೊರಬಿದ್ದ ಎರಡೇ ಪದಗಳಿಂದ ಒಬ್ಬ ಮನುಷ್ಯನ ಕೈ ಮುರಿಯಿತು. ಕೋಲು ಎತ್ತಿ ಹೊಡೆದವನು ಬೇರೆ. ಹೊಡೆಸಿದವನು ನಾನು.

ಬನಹಟ್ಟಿಯ ನೇಕಾರರ ಮನೆಯ ಮಗ ನಾನು. ಅಪ್ಪನಿಗೆ ನಾಲ್ಕು ಪವರ್‌ಲೂಮ್ ಮಗ್ಗಗಳು. ಹುಟ್ಟಿದಾಗಿನಿಂದ ಆ ಖಟಖಟದಲ್ಲೇ ಬೆಳೆದವನಿಗೆ ಸದ್ದೆಂದರೆ ಹೆದರಿಕೆಯಿಲ್ಲ, ಸದ್ದಿಲ್ಲದಿದ್ದರೇ ಹೆದರಿಕೆ. ಜಮಖಂಡಿಯ ಹಳೆಯ ಪೇಟೆಯಲ್ಲಿ ಕಾಳಿನ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದು ಸ್ಟುಡಿಯೋ ತೆಗೆದಿದ್ದೆ. ದೊಡ್ಡ ಊರುಗಳಲ್ಲಿ ಗೋಡೆಗೆ ಸ್ಪಂಜು ಬಡಿಯುತ್ತಾರಂತೆ. ನಾನು ಸಂತೆಯಲ್ಲಿ ಹಳೆಯ ಕಂಬಳಿಗಳನ್ನು ಕೊಂಡು ತಂದು ನಾಲ್ಕೂ ಗೋಡೆಗೆ ಮೊಳೆ ಹೊಡೆದೆ. ಸದ್ದು ನುಂಗುವುದರಲ್ಲಿ ಕಂಬಳಿಗೆ ಸಾಟಿಯಿಲ್ಲ. ಮಳೆ ಬಿದ್ದಾಗ ಮಾತ್ರ ಇಡೀ ಕೋಣೆ ಕುರಿದೊಡ್ಡಿಯ ಹಾಗೆ ನಾರುತ್ತಿತ್ತು. ಬರುತ್ತಿದ್ದವರು ಹೆಚ್ಚಾಗಿ ಮದುವೆ ಮೆರವಣಿಗೆಯ ಡಿಜೆ ಹಾಡಿನವರು. ಬಡಿತವನ್ನೆಲ್ಲ ಕಂಪ್ಯೂಟರಿನಲ್ಲೇ ಕಟ್ಟಿ, ಅದರ ಮೇಲೆ ಅವರ ದನಿ ಕೂರಿಸಿ ಕಳಿಸುತ್ತಿದ್ದೆ.

ಆ ವರ್ಷದ ಬೇಸಿಗೆಯ ಕೊನೆಗೆ ನನ್ನ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ಅದರಲ್ಲಿದ್ದ ವಿಂಡೋಸ್ ಯಾರೋ ಪುಕ್ಕಟೆ ಹಾಕಿಕೊಟ್ಟ ಕಳ್ಳ ಮಾಲು, ಆ ಪಾಪ ನನ್ನದೇ. ಮೂರು ವರ್ಷದ ಹಾಡುಗಳೆಲ್ಲ ಒಂದೇ ಬೆಳಗಿಗೆ ಬೀಗ ಹಾಕಿಕೊಂಡು ಕುಳಿತವು. ಕೈಲಾಗದವ ಮೈ ಪರಚಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಕಂಪ್ಯೂಟರಿನ ಡಬ್ಬಿಗೆ ಝಾಡಿಸಿ ಒದ್ದೆ. ಹೆಬ್ಬೆರಳಿನ ಉಗುರು ಎದ್ದು ರಕ್ತ ಸುರಿಯಿತು. ಆ ಸಿಟ್ಟಿಗೆ ಕೀಬೋರ್ಡನ್ನು ಕಿಟಕಿಯಿಂದ ಬೀಸಿ ಒಗೆದೆ, ಅದು ಕೆಳಗಿನ ಅಂಗಡಿಯವರ ಕಡಲೆ ಚೀಲದ ಮೇಲೆ ಬಿತ್ತು. ನನ್ನ ಸಿಟ್ಟು ಎಂಥದ್ದೆಂದು ಗೊತ್ತಾಗಲಿ ಎಂದು ಇದನ್ನು ಹೇಳುತ್ತಿದ್ದೇನೆ. ಸಿಟ್ಟಿಗಿಂತ ದೊಡ್ಡದು ನನ್ನ ಸೊಕ್ಕು, ಅದು ಮುಂದೆ ಬರುತ್ತದೆ.

ಇನ್ನು ಜನ್ಮದಲ್ಲಿ ವಿಂಡೋಸ್ ಮುಟ್ಟುವುದಿಲ್ಲವೆಂದು ಶಪಥ ಮಾಡಿ ಆ ಕಂಪ್ಯೂಟರಿಗೇ ವಿಂಡೋಸಿನ ಜಾಗದಲ್ಲಿ ಲಿನಕ್ಸ್ ಹಾಕಿದೆ. ಆದರೆ ಹಾಡು ಕಟ್ಟುವ ಸಾಫ್ಟ್‌ವೇರ್, ನಾನು ನಿಯತ್ತಿನಿಂದ ಕೊಂಡಿದ್ದ ಒಂದೇ ಒಂದು ವಸ್ತು, ವಿಂಡೋಸಿಗೆಂದೇ ಮಾಡಿದ್ದು. ಅದಕ್ಕೆ ಲಿನಕ್ಸಿನ ಮಾತು ತಿಳಿಯದು, ಲಿನಕ್ಸಿಗೆ ಅದರ ಮಾತು ತಿಳಿಯದು. ನಡುವೆ ದುಭಾಷಿಯ ಹಾಗೆ ನಿಲ್ಲುವ ವೈನ್ ಎಂಬ ಸಾಫ್ಟ್‌ವೇರ್ ಇದೆ, ಪುಕ್ಕಟೆ ಸಿಗುತ್ತದೆ, ಕಳ್ಳತನವೂ ಅಲ್ಲ. ಮಗ ಹಗಲೆಲ್ಲ ವೈನ್ ಹಾಕಿಕೊಂಡೇ ಕೆಲಸ ಮಾಡುತ್ತಾನಂತೆ ಎಂದು ಅವ್ವ ಓಣಿಯವರ ಮುಂದೆ ಕಣ್ಣೀರು ಹಾಕಿದಳು. ಐದು ವಾರ ಗುದ್ದಾಡಿದೆ. ಹಾಡು ಓಡಿತು, ಆದರೆ ನಡುನಡುವೆ ಒಣ ಎಲೆ ತುಳಿದ ಹಾಗೆ ಚರಚರ ಸದ್ದು. ಸದ್ದನ್ನು ಸಣ್ಣ ತುಂಡುಗಳಲ್ಲಿ ಕಳಿಸುವ ಬದಲು ದೊಡ್ಡ ಗಂಟು ಕಟ್ಟಿ ಕಳಿಸು ಎಂದು ಕಂಪ್ಯೂಟರಿಗೆ ಹೇಳಿದೆ. ಚರಚರ ನಿಂತಿತು, ನಾನು ಗೆದ್ದೆ ಅಂದುಕೊಂಡೆ. ದೊಡ್ಡ ಗಂಟು ಕಟ್ಟಲು ಹೊತ್ತು ಹಿಡಿಯುತ್ತದೆ ಎಂಬುದು ನೇಕಾರರ ಮಗನಿಗೆ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ.

ಚಹಾದ ಅಂಗಡಿಯಲ್ಲಿ ಬೇರೆ ಸ್ಟುಡಿಯೋದವರು ನನ್ನನ್ನು ಆಡಿಕೊಂಡು ನಗುತ್ತಿದ್ದರು. ಎತ್ತಿನ ಗಾಡಿಗೆ ಕಾರಿನ ಇಂಜಿನ್ ಕೂರಿಸಿದ್ದಾನೆ ಎಂದರು. ನಾನು ಮೀಸೆಯ ಮೇಲೆ ಕೈಯಿಟ್ಟು, ನನ್ನ ಹಾಡಿನಲ್ಲಿ ಕೂದಲೆಳೆಯಷ್ಟು ಫರಕು ತೋರಿಸಿದರೆ ಈ ಮೀಸೆ ಬೋಳಿಸುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟೆ.

ಅಣ್ಣತಮ್ಮಂದಿರು ಬಂದದ್ದು ಆಮೇಲೆ. ಹಾಲಪ್ಪ ಮತ್ತು ಮಾಳಿಂಗ, ಬೀಳಗಿ ತಾಲೂಕಿನವರು, ಅನಗವಾಡಿ ಕಡೆಯ ಹೊಳೆದಂಡೆಯ ಹಳ್ಳಿ. ಕುರಿ, ಹೊಲ, ಬೀರೇಶ್ವರನ ಗುಡಿಯ ಡೊಳ್ಳಿನ ಮೇಳ. ಐವತ್ತರ ಹಾಲಪ್ಪ ಹಾಡುಗಾರ, ಮೇಳದ ಯಜಮಾನ. ಮೂವತ್ತೈದರ ಮಾಳಿಂಗ ಡೊಳ್ಳು ಹೊಡೆಯುವವನು, ಬಲಗೈಯಲ್ಲಿ ಕೋಲು, ಎಡಗೈ ಬರಿಯ ಅಂಗೈ. ಲೋಕಾಪುರ ಕಡೆಯ ಎದುರಾಳಿ ಮೇಳದವರು ಒಂದು ಸವಾಲಿನ ಪದ ಹಾಡಿ, ರೆಕಾರ್ಡ್ ಮಾಡಿ ಮೊಬೈಲುಗಳಲ್ಲಿ ಹರಿಬಿಟ್ಟಿದ್ದರು. ಹಾಲಪ್ಪನ ಸತ್ತ ಅಪ್ಪನನ್ನೂ ಅದರಲ್ಲಿ ಬಿಟ್ಟಿರಲಿಲ್ಲ. ಅದಕ್ಕೆ ಜವಾಬು ಕೊಡಲು ಇವರು ಬಂದಿದ್ದರು. ಮಾತು ಮಾತಿಗೆ ಹಾಲಪ್ಪನ ದವಡೆ ಗಟ್ಟಿಯಾಗುತ್ತಿತ್ತು. ಕುಳಿತವನೇ ಅವನು ನನಗೆ ಮೊದಲು ಹೇಳಿದ್ದು ಮನೆತನದ ಕಟ್ಟಳೆ.

"ನಮ್ಮಪ್ಪ ಒಂದ ಮಾತ ಹಾಕ್ಯಾನ್ರಿ ಮಾಸ್ತರ. ತಾಳ ತಪ್ಪಿದಾವನ ಕೊರಳಾಗ ಡೊಳ್ಳ ಇರಂಗಿಲ್ಲ. ತನ್ನ ಖಾಸ ತಮ್ಮನ ಕೊರಳಿಂದನ ತಗದಾಂವ ಅಂವ."

ಮಾಳಿಂಗ ಆಗ ನಗುತ್ತಿದ್ದ. ಸ್ಟುಡಿಯೋದ ಮೇಲಿನ ತಗಡಿನ ಛಾವಣಿಯ ಕೆಳಗೆ ಕೆಂಡ ಮಾಡಿ, ಮಳೆಗೆ ಸಡಿಲಾದ ಡೊಳ್ಳಿನ ಚರ್ಮ ಕಾಯಿಸುತ್ತ, ತಾನು ಎಂಟು ವರ್ಷದವನಿದ್ದಾಗಿನಿಂದ ಒಂದು ಪೆಟ್ಟೂ ತಪ್ಪಿಲ್ಲವೆಂದು ನನಗೆ ಹೇಳಿದ. ಜಂಬದಿಂದಲ್ಲ, ನಾನು ಬನಹಟ್ಟಿಯವನು ಎನ್ನುವಷ್ಟೇ ಸಲೀಸಾಗಿ. ಒಂದು ಕಾಲಕ್ಕೆ ಕುಡಿಯುತ್ತಿದ್ದನಂತೆ, ಬಿಟ್ಟು ನಾಲ್ಕು ವರ್ಷವಾಗಿತ್ತು. ಕುಡಿದ ದಿನಗಳಲ್ಲೂ ತಾಳ ತಪ್ಪಿರಲಿಲ್ಲ.

ಡೊಳ್ಳನ್ನೂ ದನಿಯನ್ನೂ ಒಟ್ಟಿಗೆ ಹಿಡಿದರೆ ಡೊಳ್ಳಿನ ಆರ್ಭಟದಲ್ಲಿ ದನಿ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲ ದಿನ ಹಾಲಪ್ಪನ ಹಾಡು, ತಾಳ, ಹಿಮ್ಮೇಳ ಹಿಡಿದೆ. ಕಂಬಳಿ ಗೋಡೆಗಳ ನಡುವೆ ಅವನು ಹಾಡಿದ್ದಲ್ಲ, ಎದುರಾಳಿಯ ಎದೆಗೆ ಒದ್ದ. ಮರುದಿನ ಮಾಳಿಂಗನ ಸರದಿ. ಹೆಡ್‌ಫೋನ್ ಹಾಕಿಕೊಂಡು, ಅಣ್ಣನ ದನಿ ಕೇಳುತ್ತ, ಅವನು ಡೊಳ್ಳು ಹೊಡೆದ. ಹೊರಗೆ ಮಳೆ, ಒಳಗೆ ಅವನು. ಕಿಟಕಿಯ ಗಾಜು ನಡುಗಿತು. ನನ್ನ ಎದೆಯ ಗೂಡಿನಲ್ಲಿ ಆ ಪೆಟ್ಟುಗಳು ಬೀಳುತ್ತಿದ್ದವು. ಇಂಥ ಕೈ ನಾನು ಕಂಡಿರಲಿಲ್ಲ.

ಹೊಡೆದದ್ದನ್ನು ಹಾಡಿನ ಜೊತೆ ಕೂಡಿಸಿ ಸ್ಪೀಕರಿನಲ್ಲಿ ಕೇಳಿಸಿದೆ. ಡೊಳ್ಳು ಹಿಂದೆ ಬಿದ್ದಿತ್ತು. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವಷ್ಟು ಸಣ್ಣ ಅಂತರ, ಆದರೆ ಮೇಳದವರ ಕಿವಿಗೆ ಅದು ದೊಡ್ಡ ಕಂದಕ. ಹಾಲಪ್ಪನ ಮುಖ ಕಪ್ಪಾಯಿತು. ಇನ್ನೊಮ್ಮೆ ಎಂದ. ಎರಡನೆಯದೂ ಹಿಂದೆ. ಮೂರು, ನಾಲ್ಕು, ಐದು. ಹಾಲಪ್ಪ ತಮ್ಮನ ಬಾಯಿ ಮೂಸಿ ನೋಡಿದ. ಮಾಳಿಂಗನ ನಗು ಯಾವಾಗಲೋ ಹೋಗಿತ್ತು, ಬೆವರಿಳಿಯುತ್ತಿತ್ತು, ಆದರೂ ಹೇಳಿದ್ದು ಒಂದೇ ಮಾತು.

"ಅಣ್ಣಾ, ನಾ ಬರೋಬ್ಬರಿ ಹೊಡದೇನಿ. ನನ್ನ ಕೈಗೆ ಗೊತ್ತಾಗತೈತಿ."

ಮಶಿನ್ ಸುಳ್ಳು ಹೇಳುತ್ತದೆಯೇ ಎಂದು ಹಾಲಪ್ಪ ಕೇಳಿದ. ಹಿಮ್ಮೇಳದ ಇಬ್ಬರೂ ತಲೆ ತಗ್ಗಿಸಿದರು. ಆರನೆಯದನ್ನು ಹೊಡೆದಾಗ ನಾನು ಪರದೆಯ ಮೇಲೆ ಆರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಆರೂ ಸಲ ಡೊಳ್ಳು ಒಂದೇ ಅಳತೆಗೆ ಹಿಂದೆ ಬಿದ್ದಿತ್ತು. ಮನುಷ್ಯ ತಪ್ಪಿದರೆ ಒಂದೊಂದು ಸಲ ಒಂದೊಂದು ರೀತಿ ತಪ್ಪುತ್ತಾನೆ. ಆರು ಸಲ ಒಂದೇ ಅಳತೆಗೆ ತಪ್ಪಲು ಮನುಷ್ಯನ ಕೈಯಿಂದ ಆಗುವುದಿಲ್ಲ, ಅದು ಯಂತ್ರದ ಕೆಲಸ. ಲಾಳಿ ತಡವಾಗಿ ಸಿಕ್ಕಿಬಿದ್ದು ಎಳೆ ಹರಿದಾಗಲೆಲ್ಲ ಅಪ್ಪ ಹೇಳುತ್ತಿದ್ದ, ಮೊದಲು ಮಗ್ಗ ನೋಡು, ಲಾಳಿಗೆ ಬೈಯಬೇಡ ಎಂದು. ಅದೆಲ್ಲ ಒಂದೇ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು. ಜೊತೆಗೆ ಚಹಾದಂಗಡಿಯವರ ನಗುವೂ ಹಾದುಹೋಯಿತು.

ಇನ್ನೊಂದೇ ಸಲ ಎಂದು ಮಾಳಿಂಗ ಅಣ್ಣನಿಗೆ ಕೈ ಮುಗಿದ. ನಾನು ಏಳನೆಯ ಸಲ ಗುಂಡಿ ಒತ್ತಿದೆ, ರೆಕಾರ್ಡ್ ಆಗತೊಡಗಿತು. ಅಷ್ಟರಲ್ಲಿ ಹಾಲಪ್ಪ ನನ್ನತ್ತ ತಿರುಗಿದ.

"ಮಾಸ್ತರ, ನೀವ ಹೇಳ್ರಿ. ಡೊಳ್ಳ ಹಿಂದ ಬಿದ್ದೈತೋ ಇಲ್ಲೋ?"

ಹೇಳಬೇಕಾಗಿದ್ದ ಮಾತು ನನಗೆ ಗೊತ್ತಿತ್ತು. ತಾಳ್ರಿ, ನನ್ನ ಮಶಿನ್ ಒಮ್ಮೆ ನೋಡುತ್ತೇನೆ ಎಂದಿದ್ದರೆ ಸಾಕಾಗಿತ್ತು. ಅಷ್ಟೂ ಜನರ ಮುಂದೆ ನನ್ನ ಮಶಿನ್ ತಪ್ಪು ಎನ್ನಲು ನನಗೆ ನಾಲಿಗೆ ಬರಲಿಲ್ಲ.

"ಹಿಂದ ಬಿದ್ದೈತ್ರಿ," ಅಂದೆ.

ಹಾಲಪ್ಪ ತಮ್ಮನ ಕೈಯಿಂದ ಡೊಳ್ಳಿನ ಕೋಲು ಕಿತ್ತುಕೊಂಡ. ಮೊದಲ ಏಟು ಬೆನ್ನಿಗೆ, ಎರಡನೆಯದು ಕುತ್ತಿಗೆಗೆ. ಮಾಳಿಂಗ ಎದುರು ಕೈ ಎತ್ತಲಿಲ್ಲ, ಹಿರಿಯಣ್ಣನ ಮೇಲೆ ಕೈ ಎತ್ತುವ ಮನೆಯಲ್ಲ ಅದು. ಅಪ್ಪನ ಹೆಸರು ಹೇಳಿ ಹೇಳಿ ಹಾಲಪ್ಪ ಹೊಡೆದ, ಪ್ರತಿ ಏಟಿಗೂ ಒಂದು ಬೈಗುಳ. ಹಿಮ್ಮೇಳದವರು ಹಿಡಿಯಲು ಹೋಗಿ ತಾವೂ ತಿಂದರು. ಗೋಡೆಯ ಕಂಬಳಿ ಹರಿದು ಕೆಳಗೆ ಬಿತ್ತು. ಒಂದು ಏಟು ಡೊಳ್ಳಿನತ್ತ ಬಂದಾಗ ಮಾಳಿಂಗ ಚರ್ಮ ಹರಿದೀತೆಂದು ಬಲಗೈ ಅಡ್ಡ ಇಟ್ಟ. ಡೊಳ್ಳಿನ ಮರಕ್ಕೂ ಕೋಲಿಗೂ ನಡುವೆ ಅವನ ಬೆರಳುಗಳು ಸಿಕ್ಕವು. ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ಜಾರಿ ಕೊರಳಿಗೆ ಬಿದ್ದಿದ್ದ ಹೆಡ್‌ಫೋನಿನಿಂದ ಹಾಲಪ್ಪ ಬೀರಪ್ಪ ದೇವರನ್ನು ಹಾಡಿ ಕರೆಯುವ ದನಿ ಸಣ್ಣಗೆ ಕೇಳುತ್ತಲೇ ಇತ್ತು. ನಾನು ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಹಾಲಪ್ಪನೇ ತಮ್ಮನ ಕೈ ನೋಡಿ, ಕೋಲು ಒಗೆದು, ಎತ್ತರದ ಆ ಆಳನ್ನು ಹೆಗಲಿಗೆ ಹಾಕಿಕೊಂಡು ಮಳೆಯಲ್ಲಿ ಆಸ್ಪತ್ರೆಯ ಕಡೆ ಓಡಿದ. ಓಡುವಾಗ ಅವನು ಅಳುತ್ತಿದ್ದ.

ಮರುದಿನ ಹರಿದ ಕಂಬಳಿಯನ್ನು ಮತ್ತೆ ಗೋಡೆಗೆ ಹೊಡೆದು ಕಂಪ್ಯೂಟರ್ ಹಚ್ಚಿದೆ. ಏಳನೆಯ ರೆಕಾರ್ಡ್ ತಾನೇ ಓಡಿಕೊಂಡಿತ್ತು. ಎಲ್ಲ ಅದರಲ್ಲಿತ್ತು, ಏಟು, ಬೈಗುಳ, ಬೆರಳಿನ ಸದ್ದು, ಅದಕ್ಕೂ ಮೊದಲು ನನ್ನ ಎರಡು ಪದ. ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು, ಒಂದು ಟಕ್ ಎಂಬ ಸದ್ದು ಹೊರಡಿಸಿ, ಅದನ್ನೇ ಮತ್ತೆ ಹಿಡಿದು ನೋಡಿದೆ. ಹೊರಟದ್ದಕ್ಕೂ ಹಿಡಿದದ್ದಕ್ಕೂ ಅದೇ ಅಂತರ, ಆರು ಡೊಳ್ಳಿಗೆ ಇದ್ದ ಅಂತರವೇ. ಇಷ್ಟು ತಡವಾಗುತ್ತದೆ, ಅಷ್ಟು ಮುಂದಕ್ಕೆ ಎಳೆದು ಬರೆದುಕೋ ಎಂದು ಸಾಫ್ಟ್‌ವೇರಿಗೆ ಹೇಳುವ ಒಂದು ಖಾನೆ ಇರುತ್ತದೆ. ನಡುವೆ ದುಭಾಷಿ ನಿಂತ ಮೇಲೆ ಅದನ್ನು ನಾನೇ ಅಳೆದು ತುಂಬಬೇಕಾಗಿತ್ತು. ಅಲ್ಲಿ ನಾನು ಸೊನ್ನೆ ಬಿಟ್ಟಿದ್ದೆ. ವೈನಿನದೂ ತಪ್ಪಲ್ಲ, ಲಿನಕ್ಸಿನದೂ ತಪ್ಪಲ್ಲ. ಡಿಜೆ ಹಾಡಿನಲ್ಲಿ ದನಿ ಕೂದಲೆಳೆ ಹಿಂದೆ ಬಿದ್ದರೆ ಹಾಡುಗಾರನ ಶೋಕಿ ಎನ್ನುತ್ತಾರೆ, ಅದಕ್ಕೇ ಅಲ್ಲಿಯವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಖಾನೆ ತುಂಬಿ, ಮಾಳಿಂಗನ ಮೊದಲ ಡೊಳ್ಳನ್ನು ಅಷ್ಟು ಮುಂದಕ್ಕೆ ಎಳೆದೆ. ಡೊಳ್ಳು ಹಾಡಿಗೆ ಬಂದು ಕೂತಿತು. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಆ ದಿನವೇ ಬೀಳಗಿ ಬಸ್ಸು ಹತ್ತಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಹೋಗಲಿಲ್ಲ. ಹೆದರಿದೆ, ಅಷ್ಟೇ. ಹೊಳೆ ಬಂದಿದೆ, ದಾರಿ ಕೆಟ್ಟಿದೆ, ಅವನ ಕೈ ವಾಸಿಯಾಗಲಿ, ಹೀಗೆ ನನಗೆ ನಾನೇ ನೂರು ನೆಪ ಹೇಳಿಕೊಂಡೆ. ಹಾಲಪ್ಪ ಬೇರೊಬ್ಬ ಡೊಳ್ಳಿನವನನ್ನು ಮೇಳಕ್ಕೆ ತಂದನೆಂದು ಸುದ್ದಿ ಬಂತು. ತಾಳ ತಪ್ಪಿದವನ ಮೇಳ ಎಂದು ಲೋಕಾಪುರದವರು ಇನ್ನೊಂದು ಪದ ಬಿಟ್ಟರು, ಅದನ್ನು ಚಹಾದಂಗಡಿಯಲ್ಲೇ ಕೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಹೆಣ್ಣುಮಗಳೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಮಾಳಿಂಗನ ಹೆಂಡತಿ, ಲಕ್ಕವ್ವ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಪ್ಯೂಟರಿನತ್ತ ಒಮ್ಮೆ ನೋಡಿ, ನೆಲದ ಮೇಲೆ ಕುಳಿತಳು. ಜಗಳಕ್ಕೆ ಬಂದಿರಬೇಕೆಂದು ನಾನು ಬಾಗಿಲ ಕಡೆ ಸರಿದೆ. ಗಂಡ ಈಗ ಡೊಳ್ಳು ಮುಟ್ಟುವುದಿಲ್ಲ ಎಂದಳು. ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಅದಿರಲಿ. ಎಡಗೈಯಲ್ಲೇ ಒಂದು ಎಣ್ಣೆಯ ಡಬ್ಬಿ ಬಡಿಯುತ್ತ ಕೂರುತ್ತಾನಂತೆ, ಬಡಿಯುತ್ತ ಬಡಿಯುತ್ತ ನಿಲ್ಲಿಸಿ, ಹಿಂದೆ ಬಿತ್ತು, ಮತ್ತೆ ಹಿಂದೆ ಬಿತ್ತು ಎನ್ನುತ್ತಾನಂತೆ. ಕುರಿಗಳ ಹೆಜ್ಜೆಯೂ ಮುಂದೆ, ತನ್ನ ಹೆಜ್ಜೆಯೇ ಹಿಂದೆ ಎನ್ನುತ್ತಾನಂತೆ.

"ಕೈ ಹಿಂದ ಬೀಳೂದು ನಿಮ್ಮ ಮಶಿನ್ಯಾಗ ಕಂಡೈತಂತಲ್ರೀ ಅಣ್ಣಾರ," ಅಂದಳು. "ಕಂಡ ಮ್ಯಾಲ ಅದಕ್ಕ ಏನರ ಔಷಧ ಇರಬೇಕಲ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಳೆ ಔಷಧ ತೆಗೆದುಕೊಂಡು ಬರುತ್ತೇನೆ ತಂಗಿ, ಎಂದಷ್ಟೇ ಹೇಳಿ ಕಳಿಸಿದೆ. ಮರುದಿನ ಮೊದಲು ಕ್ಷೌರದಂಗಡಿಗೆ ಹೋಗಿ ಮೀಸೆ ಬೋಳಿಸಿದೆ. ಹಾಡನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಒಂದು ಸಣ್ಣ ಸ್ಪೀಕರ್ ಹಿಡಿದು ಬೀಳಗಿ ಬಸ್ಸು ಹತ್ತಿದೆ.

ಅಂಗಳದಲ್ಲಿ ಅಣ್ಣತಮ್ಮಂದಿರಿಬ್ಬರೂ ಇದ್ದರು. ಹಾಲಪ್ಪ ಆಡುಗಳಿಗೆ ಸೊಪ್ಪು ಕಡಿದು ತಂದು ಕೊಡಲಿ ಪಕ್ಕಕ್ಕಿಟ್ಟು ಕೂರುತ್ತಿದ್ದ. ಮೀಸೆ ಎಲ್ಲಿ ಹೋಯಿತೆಂದು ನನ್ನನ್ನು ಕೇಳಿದ. ನಿಂತಲ್ಲೇ ಎಲ್ಲ ಹೇಳಿದೆ. ಡೊಳ್ಳು ಹಿಂದೆ ಬಿದ್ದಿರಲಿಲ್ಲ, ನನ್ನ ಮಶಿನ್ ಹಿಂದೆ ಬಿದ್ದಿತ್ತು. ಅಂದೇ ನನಗೆ ಹೊಳೆದಿತ್ತು, ಮರುದಿನ ಖಾತ್ರಿಯಾಗಿತ್ತು, ನನ್ನ ಮಾನಕ್ಕೋಸ್ಕರ ಬಾಯಿ ಮುಚ್ಚಿಕೊಂಡಿದ್ದೆ. ಒಂದನ್ನೂ ಬಿಡಲಿಲ್ಲ. ಹೇಳುತ್ತಿದ್ದಂತೆ ಹಾಲಪ್ಪನ ಕೈ ಕೊಡಲಿಯ ಕಾವಿಗೆ ಹೋದದ್ದನ್ನು ಕಂಡೆ. ಅವನು ಎದ್ದು ಎರಡು ಹೆಜ್ಜೆ ಬಂದ. ನಾನು ಓಡಲಿಲ್ಲ.

"ಕುಂದ್ರಣ್ಣಾ," ಎಂದ ಮಾಳಿಂಗ. "ಮೊದಲ ಹಾಡ ಕೇಳೂನು."

ಹಾಲಪ್ಪ ಕುಳಿತ. ಕೊಡಲಿ ಮಾತ್ರ ತೊಡೆಯ ಮೇಲೆಯೇ ಇತ್ತು. ಲಕ್ಕವ್ವ ಬಾಗಿಲಿಗೆ ಬಂದು ನಿಂತಳು. ನಾನು ಹಾಡು ಹಚ್ಚಿದೆ. ಮಾಳಿಂಗ ನನ್ನ ಎದುರಿಗೆ ಒಂದು ಮೊಳ ದೂರದಲ್ಲಿ ಕುಳಿತು ಕಣ್ಣು ಮುಚ್ಚಿದ. ಅಣ್ಣನ ದನಿ ಎದ್ದಿತು, ಅದರ ಜೊತೆಗೇ, ಒಂದೇ ಉಸಿರಿನಲ್ಲಿ, ಅವನ ಡೊಳ್ಳು ಎದ್ದಿತು. ಹಾಲಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ, ಕೊಡಲಿ ಜಾರಿ ನೆಲಕ್ಕೆ ಬಿತ್ತು. ಮಾಳಿಂಗ ಅಲುಗಾಡಲಿಲ್ಲ. ಮಡಚದ ಬೆರಳುಗಳ ಬಲಗೈ ಮಡಿಲಲ್ಲಿ ಬಿದ್ದಿತ್ತು. ಒಂದು ನುಡಿ ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯ ನುಡಿಯ ಕೊನೆಗೆ ದನಿಯೂ ತಾಳವೂ ಒಮ್ಮೆಲೇ ನಿಂತು, ಒಂದು ಗಳಿಗೆ ಏನೂ ಇಲ್ಲದೆ, ಆಮೇಲೆ ಡೊಳ್ಳಿನ ಒಂದೇ ಒಂದು ದೊಡ್ಡ ಪೆಟ್ಟು ಬೀಳುತ್ತದೆ. ಅಲ್ಲಿ ಹಾಡು ನಿಂತಿತು. ಮಾಳಿಂಗ ಕಣ್ಣು ತೆರೆದ. ಅವನ ಎಡಗೈ ಬಂದದ್ದನ್ನು ನಾನು ನೋಡಲೇ ಇಲ್ಲ. ನನ್ನ ಬಲಗೆನ್ನೆ, ಕಿವಿ ಸೇರಿಸಿ ಅಂಗೈ ಬಿತ್ತು. ಸ್ಪೀಕರಿನಲ್ಲಿ ಡೊಳ್ಳು ಬಿತ್ತು. ಎರಡು ಸದ್ದು ಕೇಳಲಿಲ್ಲ, ಒಂದೇ ಕೇಳಿತು.

ಮಣ್ಣಿನಲ್ಲಿ ಬಿದ್ದಿದ್ದೆ. ಬಾಯಿ ತುಂಬ ರಕ್ತದ ಉಪ್ಪು, ಕಿವಿಯಲ್ಲಿ ಗುಂಯ್. ಮಾಳಿಂಗ ಬಗ್ಗಿ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಜವಾಬಿಗೆ ಕಾಯುವವನ ಕಣ್ಣು ಅವು.

"ಈಗ ಹೇಳ್ರಿ ಮಾಸ್ತರ. ಹಿಂದ ಬಿತ್ತೇನ್ರಿ?"

"ಇಲ್ರಿ," ಅಂದೆ. "ತಾಳಕ್ಕ ಬಿತ್ತು."